ಐಲ್ಯಾಂಡ್ ಪೀಕ್‌ಗೆ ಹೊರಡುವವರು ಮೊದಲು ದಿನ ಎಣಿಸಿ, ಆಮೇಲೆ ದುಡ್ಡು

ನೇಪಾಳದ ಐಲ್ಯಾಂಡ್ ಪೀಕ್ 6,189 ಮೀಟರ್ ಎತ್ತರದ ಶಿಖರ. ಎವರೆಸ್ಟ್ ಇರುವ ಖುಂಬು ಪ್ರದೇಶದಲ್ಲೇ ಇದೆ. ಅಲ್ಲಿಯವರು ಇಮ್ಜಾ ತ್ಸೆ ಅಂತಲೂ ಕರೆಯುತ್ತಾರೆ. 1953ರಲ್ಲಿ ಎವರೆಸ್ಟ್‌ಗೆ ಬಂದಿದ್ದ ಬ್ರಿಟಿಷ್ ತಂಡದ ಕೆಲವರು ಅಭ್ಯಾಸಕ್ಕೆಂದು ಇದನ್ನು ಮೊದಲ ಸಲ ಹತ್ತಿದರು. ಆ ಗುಂಪಿನಲ್ಲಿ ತೇನ್ಸಿಂಗ್ ನೋರ್ಗೆ ಕೂಡ ಇದ್ದರು. ಆರು ಸಾವಿರ ಮೀಟರ್ ದಾಟಬೇಕು, ಆದರೆ ಇಡೀ ಬದುಕನ್ನು ಬೆಟ್ಟಕ್ಕೆ ಬರೆದುಕೊಟ್ಟಿಲ್ಲ ಅನ್ನುವವರು ಇವತ್ತಿಗೂ ಗೈಡ್ ಜೊತೆ ಹೋಗುವುದು ಇಲ್ಲಿಗೇ.

ಸರ್ಕಾರಿ ಪಟ್ಟಿಯಲ್ಲಿ ಇದು 'ಟ್ರೆಕ್ಕಿಂಗ್ ಪೀಕ್'. ಅದನ್ನು ನೋಡಿ ಮೋಸಹೋಗಬೇಡಿ. ಅದು ಪರ್ಮಿಟ್ಟಿನ ವರ್ಗ ಅಷ್ಟೇ. ಕೊನೆಯ ದಿನ ಹಿಮನದಿ ದಾಟಬೇಕು, ಬಿರುಕುಗಳ ಮೇಲೆ ಏಣಿ ಇದ್ದರೆ ಅದರ ಮೇಲೆ ನಡೆಯಬೇಕು, ನೂರು ಮೀಟರಿಗೂ ಉದ್ದದ ಕಡಿದಾದ ಹಿಮದ ಗೋಡೆಯನ್ನು ಹಗ್ಗ ಹಿಡಿದು ಏರಬೇಕು. ನಡೆದು ಹೋಗಿ ನಡೆದು ಬರುವ ಜಾಗ ಅಲ್ಲ.

ಹೋಗಬಹುದಾ, ಇನ್ನೂ ಕಾಯಬೇಕಾ?

ಮೊದಲೇ ಒಮ್ಮೆ 4,000 ಮೀಟರಿಗಿಂತ ಮೇಲೆ ಕೆಲವು ರಾತ್ರಿ ಮಲಗಿದ್ದರೆ ಒಳ್ಳೆಯದು. ಉತ್ತರಾಖಂಡದಲ್ಲೋ ಲಡಾಖ್‌ನಲ್ಲೋ ಒಂದು ದೊಡ್ಡ ಚಾರಣ ಸಾಕು. ಎತ್ತರಕ್ಕೆ ನಿಮ್ಮ ಮೈ ಹೇಗೆ ಸ್ಪಂದಿಸುತ್ತದೆ ಅನ್ನುವುದನ್ನು ಬೇರೆ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಮ್ಯಾರಥಾನ್ ಓಡುವವರಿಗೂ ತಲೆನೋವು ಬರುತ್ತದೆ. ಜಿಮ್ ಮುಖ ನೋಡದ ಚಿಕ್ಕಪ್ಪ ಹಾಯಾಗಿ ಚಹಾ ಕುಡಿಯುತ್ತಾ ಕೂತಿರುತ್ತಾರೆ.

ರಜೆ ಸಿಗುವುದಾದರೆ ಇನ್ನೂ ಒಳ್ಳೆಯ ದಾರಿ ಒಂದಿದೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟೆನಿಯರಿಂಗ್ ಇನ್‌ಸ್ಟಿಟ್ಯೂಟ್, ಮನಾಲಿಯ ಸರ್ಕಾರಿ ಸಂಸ್ಥೆ, ಇವೆಲ್ಲ ನಡೆಸುವ ಬೇಸಿಕ್ ಕೋರ್ಸ್‌ಗೆ ಸೇರಿಕೊಳ್ಳಿ. ಸುಮಾರು ನಾಲ್ಕು ವಾರದ್ದು. ಶುಲ್ಕವೂ ಕಡಿಮೆ, ಕಲಿಸುವುದೂ ಗಟ್ಟಿ. ಆದರೆ ಸೀಟು ಬೇಗ ತುಂಬುತ್ತವೆ. ನಾಲ್ಕು ವಾರ ರಜೆ ಕೇಳಿದರೆ ಮ್ಯಾನೇಜರ್ ಮುಖ ಹೇಗಾಗುತ್ತದೆ ಅಂತ ನಿಮಗೇ ಗೊತ್ತು.

ಕಂಪನಿ ಆರಿಸುವುದು

ಇಡೀ ಯೋಜನೆಯಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇಲ್ಲ. ಎಲ್ಲರೂ ಇಲ್ಲಿ ಬೆಲೆ ಹೋಲಿಸುತ್ತಾರೆ. ನೀವು ಮೊದಲು ದಿನ ಹೋಲಿಸಿ. ಕಂಪನಿ ಕಳಿಸಿದ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿ ರಾತ್ರಿ ಮಲಗುವ ಎತ್ತರವನ್ನು ಒಂದು ಹಾಳೆಯಲ್ಲಿ ಬರೆಯಿರಿ.

ಲುಕ್ಲಾ ವಿಮಾನ ನಿಲ್ದಾಣ ಸುಮಾರು 2,850 ಮೀಟರ್. ಮೊದಲ ರಾತ್ರಿ ಸ್ವಲ್ಪ ಕೆಳಗೆ, ಫಾಕ್ಡಿಂಗ್‌ನಲ್ಲಿ. ಆಮೇಲೆ ನಾಮ್ಚೆ ಬಜಾರ್, 3,440. ಅಲ್ಲಿ ಎರಡು ರಾತ್ರಿ. ಮುಂದೆ ತೆಂಗ್ಬೋಚೆ, 3,860. ಅದಾದ ಮೇಲೆ ಡಿಂಗ್ಬೋಚೆ, 4,410. ಇಲ್ಲೂ ಎರಡು ರಾತ್ರಿ. ಚುಕುಂಗ್ 4,730, ಬೇಸ್ ಕ್ಯಾಂಪ್ ಸುಮಾರು 5,100.

3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಎರಡು ರಾತ್ರಿ ಇರಬೇಕು ಅನ್ನುವುದು ಎತ್ತರದ ವೈದ್ಯರ ಸಾಮಾನ್ಯ ಸಲಹೆ. ಫಾಕ್ಡಿಂಗ್‌ನಿಂದ ನಾಮ್ಚೆಗೆ ಒಂದೇ ದಿನ 800 ಮೀಟರ್ ಏರುತ್ತೀರಿ, ಡಿಂಗ್ಬೋಚೆಗೂ 500 ಮೀರುತ್ತದೆ. ಎರಡೂ ಕಡೆ ಎರಡನೇ ರಾತ್ರಿ ಇರುವುದು ಅದಕ್ಕೇ. ಆ ರಾತ್ರಿಗಳನ್ನು ಕತ್ತರಿಸಿ ಬೆಲೆ ಇಳಿಸಿರುವ ಪ್ಯಾಕೇಜನ್ನು ಅಲ್ಲಿಗೇ ಬಿಟ್ಟುಬಿಡಿ.

ಚುಕುಂಗ್‌ನಿಂದ ನೇರ ಶಿಖರಕ್ಕೆ ಹೋಗುವ ಪ್ಯಾಕೇಜ್ ಇದೆ. ಮೊದಲು ಲೊಬುಚೆ, ಗೋರಕ್ ಶೆಪ್, ಎವರೆಸ್ಟ್ ಬೇಸ್ ಕ್ಯಾಂಪ್, ಕಾಲಾ ಪತ್ಥರ್ ಎಲ್ಲ ಮುಗಿಸಿ ಆಮೇಲೆ ಐಲ್ಯಾಂಡ್ ಪೀಕ್‌ಗೆ ಬರುವುದೂ ಇದೆ. ಎರಡನೆಯದೇ ಮೇಲು ಅಂತ ನನ್ನ ಅನಿಸಿಕೆ. ಎವರೆಸ್ಟ್ ಬೇಸ್ ಕ್ಯಾಂಪ್ ನೋಡುವ ಆಸೆಗೆ ಅಲ್ಲ. ಕಾಲಾ ಪತ್ಥರ್‌ನಲ್ಲಿ 5,500 ಮೀಟರ್ ದಾಟಿ, ಕೆಳಗೆ ಇಳಿದು ನಿದ್ದೆ ಮಾಡಿದ ಮೈ ಶಿಖರದ ದಿನ ಬೇರೆಯೇ ಆಗಿರುತ್ತದೆ. ಸಮಯ ಇಲ್ಲದಿದ್ದರೆ ಕನಿಷ್ಠ ಚುಕುಂಗ್ ರಿ ಬೆಟ್ಟವನ್ನಾದರೂ ಹತ್ತಿಳಿಯುವ ಒಂದು ದಿನ ಪಟ್ಟಿಯಲ್ಲಿರಬೇಕು.

ಇನ್ನೊಂದು ನೋಡಿ: ಹವಾಮಾನ ಕೈಕೊಟ್ಟರೆ ಕಾಯಲು ಬೇಸ್ ಕ್ಯಾಂಪಿನಲ್ಲಿ ಒಂದು ದಿನ ಹೆಚ್ಚುವರಿ ಇದೆಯಾ? ಅದು ಇಲ್ಲದ ಪ್ಯಾಕೇಜ್‌ನಲ್ಲಿ ಗಾಳಿ ಎದ್ದ ದಿನವೇ ನಿಮ್ಮ ಶಿಖರದ ದಿನವಾದರೆ ಎರಡೇ ದಾರಿ. ಹತ್ತದೆ ವಾಪಸ್ ಬರಬೇಕು, ಇಲ್ಲಾ ಹತ್ತಬಾರದ ದಿನ ಹತ್ತಬೇಕು. ಎಲ್ಲ ಕೂಡಿದರೆ ಊರಿನಿಂದ ಊರಿಗೆ ಸುಮಾರು ಮೂರು ವಾರ. ಎರಡೇ ವಾರದಲ್ಲಿ ಮುಗಿಸಿಕೊಡುತ್ತೇವೆ ಅನ್ನುವವರಿದ್ದಾರೆ. ಮುಗಿಸಿಬಿಡಬಹುದು. ಮುಗಿಸಲು ಆಗದೆ ನಾಮ್ಚೆಯಿಂದಲೇ ತಿರುಗುವವರೂ ಆ ಗುಂಪುಗಳಲ್ಲೇ ಜಾಸ್ತಿ ಸಿಗುತ್ತಾರೆ.

ದಿನಗಳು ಸರಿ ಅನಿಸಿದ ಮೇಲೆ ಕಂಪನಿಗೆ ಫೋನ್ ಮಾಡಿ. ಶಿಖರದ ದಿನ ಒಬ್ಬ ಕ್ಲೈಂಬಿಂಗ್ ಗೈಡ್‌ಗೆ ಎಷ್ಟು ಜನ ಅಂತ ಕೇಳಿ. ಇಬ್ಬರಿಗಿಂತ ಜಾಸ್ತಿ ಇದ್ದರೆ ನಾನು ಒಪ್ಪುವುದಿಲ್ಲ. ಒಬ್ಬರಿಗೆ ಸುಸ್ತಾಗಿ ಗೈಡ್ ಅವರನ್ನು ಇಳಿಸಲು ಹೊರಟರೆ ಉಳಿದವರ ಗತಿಯೇನು ಅಂತಲೂ ಕೇಳಿ. ಗೈಡ್‌ಗೆ ಲೈಸೆನ್ಸ್ ಇದೆಯಾ, ಬೇಸ್ ಕ್ಯಾಂಪಿನಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದಾ, ಪೋರ್ಟರ್‌ಗಳಿಗೆ ವಿಮೆ ಮಾಡಿಸಿದ್ದಾರಾ, ಒಬ್ಬರ ಹೆಗಲಿಗೆ ಎಷ್ಟು ಭಾರ ಹೊರಿಸುತ್ತಾರೆ? 30 ಕಿಲೋ ಮೀರಬಾರದು. ಪೋರ್ಟರ್ ಬಗ್ಗೆ ಕೇಳಿದಾಗ ಮಾತು ಹಾರಿಸುವ ಕಂಪನಿ ನಾಳೆ ನಿಮ್ಮ ಬಗ್ಗೆಯೂ ಹಾಗೇ ಹಾರಿಸುತ್ತದೆ.

ಬೆಲೆಯಲ್ಲಿ ಏನು ಸೇರಿಲ್ಲ ಅಂತ ಬರಹದಲ್ಲಿ ತರಿಸಿಕೊಳ್ಳಿ. ಸಾಮಾನ್ಯವಾಗಿ ಬೂಟು, ಕ್ರಾಂಪಾನ್ (ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಮೊಳೆಗಳ ಚೌಕಟ್ಟು) ಬಾಡಿಗೆ, ಟಿಪ್ಸ್, ವಿಮೆ, ಬಿಸಿನೀರಿನ ಸ್ನಾನ, ವೈಫೈ, ಮೊಬೈಲ್ ಚಾರ್ಜಿಂಗ್ ಎಲ್ಲ ನಿಮ್ಮದೇ ಜೇಬಿನಿಂದ. ಮೇಲೆ ಹೋದಷ್ಟೂ ಪ್ರತಿಯೊಂದಕ್ಕೂ ದರ ಏರುತ್ತದೆ. ಎಲ್ಲವೂ ಯಾರದೋ ಬೆನ್ನ ಮೇಲೋ, ಪ್ರಾಣಿಗಳ ಮೇಲೋ ಬಂದಿರುತ್ತದಲ್ವಾ?

ಊರಿನಲ್ಲಿ ತಯಾರಿ

ಐದಾರು ತಿಂಗಳು ಇಟ್ಟುಕೊಳ್ಳಿ. ಓಟಕ್ಕಿಂತ ಏರುವುದು, ಇಳಿಯುವುದು ಮುಖ್ಯ. ವಾರದ ದಿನಗಳಲ್ಲಿ ಅಪಾರ್ಟ್‌ಮೆಂಟ್ ಮೆಟ್ಟಿಲು ಸಾಕು. ಬೆನ್ನಿಗೆ ಚೀಲ, ಚೀಲದಲ್ಲಿ ನೀರಿನ ಬಾಟಲಿಗಳು. ಐದು ಕಿಲೋದಿಂದ ಶುರುಮಾಡಿ ನಿಧಾನವಾಗಿ ಹತ್ತು ಹನ್ನೆರಡಕ್ಕೆ ಏರಿಸಿ. ಮಂಡಿ ನೋಯುತ್ತಿದ್ದರೆ ಮೇಲೆ ಹೋದ ಮೇಲೆ ನೀರು ಚೆಲ್ಲಿ ಇಳಿಯಿರಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದೆ. ಬೆಂಗಳೂರಿನವರು ನಂದಿಬೆಟ್ಟದ ಮೆಟ್ಟಿಲ ದಾರಿಗೆ ಹೋಗಬಹುದು.

ವೇಗ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನಕ್ಕೆ, ಆದರೆ ತುಂಬ ಹೊತ್ತು ನಡೆಯಬೇಕು. ಶಿಖರದ ದಿನ ಹತ್ತು ಹನ್ನೆರಡು ಗಂಟೆ ಕಾಲ ಮೇಲಿರುತ್ತೀರಿ. ಅದಕ್ಕೆ ಬೇಕಾದದ್ದು ಈ ತರಹದ ದಮ್ಮು.

ನಮ್ಮಲ್ಲಿ ಇದಕ್ಕೆ ಒಳ್ಳೆಯ ಪರೀಕ್ಷೆ ಕುಮಾರ ಪರ್ವತ. ಎತ್ತರ 1,712 ಮೀಟರ್ ಅಷ್ಟೇ, ಆದರೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಟರೆ ಸುಮಾರು ಒಂದೂವರೆ ಸಾವಿರ ಮೀಟರ್ ಏರಬೇಕು. ಐಲ್ಯಾಂಡ್ ಪೀಕ್‌ನ ಕೊನೆಯ ದಿನದ ಏರಿಗಿಂತ ಇದು ಜಾಸ್ತಿ. ಚೀಲ ಹೊತ್ತು ಹೋಗಿಬಂದು, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯಲು ಕಾಲು ಕೇಳಿದರೆ ತಯಾರಿ ಸರಿಯಾದ ದಾರಿಯಲ್ಲಿದೆ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಗಡ ಬುಕ್ ಮಾಡಿ ಹೋಗಿ. ಮಳೆಗಾಲದಲ್ಲೂ ಬೆಂಕಿಯ ಭಯ ಇರುವ ಬೇಸಿಗೆಯಲ್ಲೂ ಚಾರಣ ಮುಚ್ಚುವುದುಂಟು.

ಹಗ್ಗದ ಕೆಲಸ

ಬೇಸ್ ಕ್ಯಾಂಪಿನಲ್ಲಿ ಗೈಡ್ ಅರ್ಧ ದಿನ ತರಬೇತಿ ಕೊಡುತ್ತಾರೆ. ಅದನ್ನೇ ನಂಬಿಕೊಂಡು ಹೋಗಬೇಡಿ. ಐದು ಸಾವಿರ ಮೀಟರಿನಲ್ಲಿ ತಲೆ ಅರ್ಧ ವೇಗದಲ್ಲಿ ಓಡುತ್ತಿರುತ್ತದೆ, ಹೊಸದೇನೂ ಒಳಗೆ ಇಳಿಯುವುದಿಲ್ಲ. ಊರಿನಲ್ಲೇ ಕ್ಲೈಂಬಿಂಗ್ ಕ್ಲಬ್ಬಿನವರನ್ನು ಹಿಡಿದು ಮೂರು ಕೆಲಸ ಕಲಿಯಿರಿ.

ಮೊದಲನೆಯದು ಜುಮಾರ್ (ಹಗ್ಗದಲ್ಲಿ ಮೇಲಕ್ಕೆ ಮಾತ್ರ ಸರಿಯುವ, ಕೆಳಕ್ಕೆ ಜಾರದ ಹಿಡಿ) ಹಾಕಿ ಹಗ್ಗ ಏರುವುದು. ತೋಳಿನಿಂದ ಎಳೆದುಕೊಂಡರೆ ಹತ್ತು ನಿಮಿಷಕ್ಕೆ ಸುಸ್ತು. ಭಾರ ಕಾಲಿನ ಮೇಲಿರಬೇಕು, ಜುಮಾರ್ ಜಾರದಂತೆ ತಡೆಯುತ್ತದೆ ಅಷ್ಟೇ.

ಎರಡನೆಯದು ಹಗ್ಗದ ಗೂಟ ದಾಟುವುದು. ಅಪಾಯ ಇರುವುದು ಇಲ್ಲೇ. ಹಗ್ಗವನ್ನು ಹಿಮಕ್ಕೆ ಗೂಟ ಹೊಡೆದು ಕಟ್ಟಿರುತ್ತಾರೆ. ಪ್ರತಿ ಗೂಟದ ಹತ್ತಿರ ನಿಮ್ಮ ಜುಮಾರನ್ನು ಒಂದು ಹಗ್ಗದಿಂದ ಬಿಚ್ಚಿ ಮುಂದಿನ ಹಗ್ಗಕ್ಕೆ ಹಾಕಬೇಕು. ಬಿಚ್ಚುವ ಮೊದಲು ಇನ್ನೊಂದು ಕ್ಯಾರಬೈನರ್ (ಬಾಯಿ ತೆರೆಯುವ ಲೋಹದ ಕೊಂಡಿ) ಗೂಟದ ಆಚೆಯ ಹಗ್ಗಕ್ಕೆ ಬಿದ್ದಿರಬೇಕು. ಯಾವ ಗಳಿಗೆಯಲ್ಲೂ ಒಂದಾದರೂ ಕೊಂಡಿ ಹಗ್ಗದಲ್ಲಿರಲೇಬೇಕು. ದಪ್ಪ ಕೈಗವಸು ಹಾಕಿಕೊಂಡು, ಕಣ್ಣುಮುಚ್ಚಿ ಮಾಡಲು ಬರುವ ತನಕ ಅಭ್ಯಾಸ ಮಾಡಿ. ಬೆಂಗಳೂರಿನ ಬಿಸಿಲಲ್ಲಿ ಉಣ್ಣೆಯ ಕೈಗವಸು ಹಾಕಿ ನಿಂತರೆ ನೋಡುವವರು ನಗುತ್ತಾರೆ, ನಗಲಿ.

ಮೂರನೆಯದು ಫಿಗರ್ ಎಯ್ಟ್ (ಇಂಗ್ಲಿಷ್ ಎಂಟರ ಆಕಾರದ ಲೋಹದ ಬಳೆ) ಹಾಕಿ ಹಗ್ಗದಲ್ಲಿ ಇಳಿಯುವುದು. ಬರುವಾಗ ನೀವು ಸುಸ್ತಾಗಿರುತ್ತೀರಿ, ಹಿಂದೆ ಜನ ಕಾಯುತ್ತಿರುತ್ತಾರೆ. ಕೈ ತಾನಾಗಿ ಕೆಲಸ ಮಾಡಬೇಕು.

ಕ್ರಾಂಪಾನ್ ನಡಿಗೆಗೆ ನಮ್ಮಲ್ಲಿ ಹಿಮ ಇಲ್ಲ. ಒಂದನ್ನು ನೆನಪಿಡಿ. ಕಾಲುಗಳ ನಡುವೆ ಅಂತರ ಇರಲಿ. ಇಲ್ಲದಿದ್ದರೆ ಒಂದು ಕಾಲಿನ ಮೊಳೆ ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ.

ಸಾಮಾನು

ಎಲ್ಲ ಕೊಳ್ಳಬೇಕಿಲ್ಲ. ಕಾಠ್ಮಂಡುವಿನ ಥಾಮೆಲ್‌ನಲ್ಲಿ ಡೌನ್ ಜಾಕೆಟ್ (ಹಕ್ಕಿ ತುಪ್ಪಳ ತುಂಬಿದ್ದು), ಸ್ಲೀಪಿಂಗ್ ಬ್ಯಾಗ್, ಹಾರ್ನೆಸ್ (ಹಗ್ಗಕ್ಕೆ ಸೇರಿಸಲು ಸೊಂಟ, ತೊಡೆಗೆ ಕಟ್ಟುವ ಪಟ್ಟಿ), ಹೆಲ್ಮೆಟ್ ಎಲ್ಲ ಬಾಡಿಗೆಗೆ ಸಿಗುತ್ತವೆ. ಚುಕುಂಗ್‌ನಲ್ಲೂ ಸಿಗುತ್ತವೆ, ಆದರೆ ಅಲ್ಲಿ ಉಳಿದದ್ದರಲ್ಲಿ ಆರಿಸಬೇಕು.

ಬೂಟಿನಲ್ಲಿ ಮಾತ್ರ ರಾಜಿ ಬೇಡ. ಎರಡು ಪದರದ ಪರ್ವತಾರೋಹಣ ಬೂಟು ಬೇಕು. ಆ ದಿನ ಹಾಕುವ ದಪ್ಪ ಕಾಲುಚೀಲ ಹಾಕಿಯೇ ಅಳತೆ ನೋಡಿ. ಇಳಿಜಾರಿನಲ್ಲಿ ನಿಂತು ನೋಡಿ, ಬೆರಳು ಮುಂದೆ ತಾಗಬಾರದು. ಬಿಗಿ ಬೂಟಿನಲ್ಲಿ ರಕ್ತ ಓಡುವುದಿಲ್ಲ, ಬೆರಳಿಗೆ ಹಿಮಕಡಿತ ಆಗುವುದು ಹೀಗೇ. ಕ್ರಾಂಪಾನ್ ಆ ಬೂಟಿಗೆ ಕೂರುತ್ತದಾ ಅಂತ ಅಂಗಡಿಯಲ್ಲೇ ಹಾಕಿ ಒದ್ದು ನೋಡಿ.

ಹಿಮದ ಮೇಲಿನ ಬಿಸಿಲಿಗೆ ಕೆಟಗರಿ 4, ಅಂದರೆ ಅತಿ ಗಾಢ ಬಣ್ಣದ ತಂಪು ಕನ್ನಡಕ ಬೇಕು. ಹೆಡ್‌ಲ್ಯಾಂಪ್‌ಗೆ ಹೊಸ ಬ್ಯಾಟರಿ, ಜೊತೆಗೆ ಇನ್ನೊಂದು ಸೆಟ್. ಅಗಲ ಬಾಯಿಯ ನೀರಿನ ಬಾಟಲಿ ಎರಡು ಇರಲಿ. ಪೈಪಿನಲ್ಲಿ ಹೀರುವ ಚೀಲ ಶಿಖರದ ದಿನ ಹೆಪ್ಪುಗಟ್ಟಿ ಕೂರುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ತೆರೆದೇ ಇರುತ್ತದೆ. ಲುಕ್ಲಾ ವಿಮಾನದಲ್ಲಿ ಕೈಚೀಲವೂ ಸೇರಿ ಸಾಮಾನ್ಯವಾಗಿ 15 ಕಿಲೋ ಮಿತಿ. ಹಾಗಾಗಿ ನಾಲ್ಕನೇ ಟೀಶರ್ಟ್ ಮನೆಯಲ್ಲೇ ಇರಲಿ. ಚಟ್ನಿಪುಡಿ, ಉಪ್ಪಿನಕಾಯಿ ಬರಲಿ. ಎತ್ತರದಲ್ಲಿ ಹಸಿವು ಸತ್ತುಹೋದಾಗ ಎರಡು ತುತ್ತು ಅನ್ನ ಒಳಗೆ ಇಳಿಸುವುದು ಅವೇ.

ಕಾಗದಪತ್ರ ಮತ್ತು ವಿಮೆ

ನಮಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇಟ್ಟುಕೊಳ್ಳಿ. ಆಧಾರ್ ಒಂದನ್ನೇ ನಂಬಿ ನಿಲ್ದಾಣಕ್ಕೆ ಹೋಗಬೇಡಿ. ಶಿಖರದ ಪರ್ಮಿಟ್ ಕೊಡುವುದು ನೇಪಾಳ ಮೌಂಟೆನಿಯರಿಂಗ್ ಅಸೋಸಿಯೇಷನ್. ಅದರ ಜೊತೆ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶ, ಸ್ಥಳೀಯ ಪಾಲಿಕೆಯ ಶುಲ್ಕ ಇರುತ್ತವೆ. ಇವನ್ನು ಕಂಪನಿಯೇ ನೋಡಿಕೊಳ್ಳುತ್ತದೆ. ಉದ್ಯಾನದ ಶುಲ್ಕ ಸಾರ್ಕ್ ದೇಶದವರಿಗೆ ಕಡಿಮೆ, ಬಿಲ್ಲಿನಲ್ಲಿ ವಿದೇಶಿ ದರ ಹಾಕಿಲ್ಲವಲ್ಲ ಅಂತ ನೋಡಿಕೊಳ್ಳಿ.

ವಿಮೆಯ ಕಾಗದವನ್ನು ಕೂತು ಓದಿ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಹಲವು, ಹಗ್ಗ ಬಳಸಿ ಹತ್ತುವುದನ್ನು ಹೊರಗಿಟ್ಟಿರುತ್ತವೆ, ಇಲ್ಲವೇ ಒಂದು ಎತ್ತರದ ಮೇಲೆ ಹಣ ಕೊಡುವುದಿಲ್ಲ. 6,500 ಮೀಟರಿನ ತನಕ, ಹೆಲಿಕಾಪ್ಟರ್ ರಕ್ಷಣೆಯೂ ಸೇರಿದ ಪಾಲಿಸಿ ಬೇಕು. ವಿಮಾ ಕಂಪನಿಯ ತುರ್ತು ನಂಬರ್ ಗೈಡ್ ಹತ್ತಿರವೂ ಇರಲಿ. ಬೇಕಿಲ್ಲದ ಹೆಲಿಕಾಪ್ಟರ್ ಹಾರಾಟಕ್ಕೆ ವಿಮೆಯಿಂದ ಹಣ ಎಳೆಯುವ ದಂಧೆಯ ಬಗ್ಗೆ 2018ರಲ್ಲಿ ನೇಪಾಳ ಸರ್ಕಾರವೇ ತನಿಖೆ ಮಾಡಿಸಿತ್ತು. ಸಣ್ಣ ತಲೆನೋವಿಗೆಲ್ಲ ಯಾರಾದರೂ ಹೆಲಿಕಾಪ್ಟರ್ ಕರೆಯೋಣ ಅಂದರೆ, ನಡೆದು ಇಳಿಯಲು ಆಗುವುದಿಲ್ಲವಾ ಅಂತ ಮೊದಲು ಕೇಳಿ.

ದಾರಿಯಲ್ಲಿ: ಎತ್ತರದ ಕಾಯಿಲೆ

5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಪ್ರತಿ ಉಸಿರಿಗೂ ಅರ್ಧ ಆಕ್ಸಿಜನ್. ಅದಕ್ಕೆ ಮೈ ಹೊಂದಿಕೊಳ್ಳುತ್ತದೆ, ಸಮಯ ಕೊಟ್ಟರೆ. ನೀವು ಕೊಂಡ ಆ ಹೆಚ್ಚುವರಿ ದಿನಗಳು ಕೆಲಸ ಮಾಡುವುದು ಇಲ್ಲಿ.

ತಲೆನೋವು, ವಾಕರಿಕೆ, ಊಟ ಬೇಡ ಅನಿಸುವುದು, ನಿದ್ದೆ ಬಾರದಿರುವುದು, ಇವು ಮೊದಲ ಸೂಚನೆ. ಇವು ಇರುವಾಗ ಮೇಲೆ ಹೋಗಬೇಡಿ. ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಉಳಿಯಿರಿ. ಕಡಿಮೆಯಾದರೆ ಮುಂದೆ, ಹೆಚ್ಚಾದರೆ ಕೆಳಗೆ. ನಿದ್ದೆಯಲ್ಲಿ ಉಸಿರು ನಿಂತಂತಾಗಿ ದಿಗ್ಗನೆ ಎಚ್ಚರವಾಗುವುದು ಅಲ್ಲಿ ಹಲವರಿಗೆ ಆಗುತ್ತದೆ, ಅದೊಂದಕ್ಕೇ ಗಾಬರಿ ಬೇಡ.

ಗಾಬರಿ ಆಗಬೇಕಾದವು ಎರಡು. ಒಂದು, ಮೆದುಳಿನಲ್ಲಿ ಊತ. ಕುಡಿದವರ ಹಾಗೆ ತೂರಾಡುವುದು, ಮಾತು ತೊದಲುವುದು, ಗೊಂದಲ. ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಬೆರಳು ತಾಗಿಸುತ್ತಾ ನಡೆಯಲು ಹೇಳಿ. ಆಗದಿದ್ದರೆ ಆ ಗಳಿಗೆಯಲ್ಲೇ ಕೆಳಗೆ ಇಳಿಸಬೇಕು, ರಾತ್ರಿಯಾದರೂ ಸರಿ. ಇನ್ನೊಂದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಸುಮ್ನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ಕೊನೆಗೆ ನೊರೆಯಂಥ ಗುಲಾಬಿ ಕಫ. ಇದಕ್ಕೂ ಮದ್ದು ಇಳಿಯುವುದೇ. ಆಕ್ಸಿಜನ್, ಮಾತ್ರೆ ಎಲ್ಲ ಇಳಿಯುವ ತನಕದ ಆಸರೆ.

ಡಯಾಮಾಕ್ಸ್ ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾಯಿಲೆ ಬರದಂತೆ ತಡೆಯಲು ವೈದ್ಯರು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ 125 ಮಿಲಿಗ್ರಾಂ ಹೇಳುತ್ತಾರೆ, ಏರಲು ಶುರುಮಾಡುವ ಹಿಂದಿನ ದಿನದಿಂದ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆ. ಸಲ್ಫಾ ಔಷಧಿ ಆಗದವರು ಮತ್ತು ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಊರಿನಲ್ಲೇ ಒಂದೆರಡು ದಿನ ತಗೊಂಡು ನೋಡುವುದು ಜಾಣತನ. ನಿದ್ದೆ ಮಾತ್ರೆ ಬೇಡ. ನಾಮ್ಚೆಯ ಬಾರುಗಳು ಬರುವಾಗಲೂ ಅಲ್ಲೇ ಇರುತ್ತವೆ, ಅಲ್ಲಿಯ ತನಕ ಕಾಯಿರಿ.

ಊಟಕ್ಕೆ ದಾಲ್‌ಭಾತ್ ಇದೆ, ಕೇಳಿದರೆ ಮತ್ತೆ ಬಡಿಸುತ್ತಾರೆ. ಮಾಂಸಾಹಾರಿಗಳೂ ನಾಮ್ಚೆ ದಾಟಿದ ಮೇಲೆ ಮಾಂಸ ಬಿಡುವುದು ಒಳ್ಳೆಯದು. ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದದ್ದು ಅದು. ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು, ಸೂಪು, ಚಹಾ ಸೇರಿ ಒಳಗೆ ಹೋಗಲಿ.

ಮುಖ್ಯವಾಗಿ, ಗೈಡ್ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಶೆರ್ಪಾ ಗೈಡನ್ನು 'ದಾಯಿ' ಅಂತ ಕರೆಯಿರಿ, ನಮ್ಮಲ್ಲಿ ಅಣ್ಣ ಅಂದ ಹಾಗೆ. 'ದಾಯಿ, ತಲೆ ನೋಯ್ತಿದೆ' ಅಂದರೆ ಅವರು ಬೈಯುವುದಿಲ್ಲ. ಶಿಖರದ ದಿನ ತಿಳಿದರೆ ಬೈಯುತ್ತಾರೆ.

ಶಿಖರದ ರಾತ್ರಿ

ಬೇಸ್ ಕ್ಯಾಂಪಿಗೆ ಹೋಗುವ ದಾರಿ ಇಮ್ಜಾ ಸರೋವರದ ಕಡೆಗೆ. ಹಿಮನದಿ ಕರಗಿ ಬೆಳೆದ ಕೆರೆ ಇದು. ಕಟ್ಟೆ ಒಡೆದರೆ ಕೆಳಗಿನ ಹಳ್ಳಿಗಳಿಗೆ ಅಪಾಯ ಅಂತ 2016ರಲ್ಲಿ ಕಾಲುವೆ ಕಡಿದು ನೀರಿನ ಮಟ್ಟವನ್ನು ಮೂರು ಮೀಟರಿಗೂ ಹೆಚ್ಚು ಇಳಿಸಿದರು.

ಸಂಜೆ ಬೇಗ ಉಂಡು ಮಲಗಿ. ನಿದ್ದೆ ಬರುವುದಿಲ್ಲ, ಪರವಾಗಿಲ್ಲ, ಮಲಗಿದ್ದರೆ ಸಾಕು. ಮಲಗುವ ಮೊದಲೇ ಗೈಡ್ ಜೊತೆ ಹಿಂತಿರುಗುವ ಸಮಯ ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆ 10 ಗಂಟೆಗೆ ಎಲ್ಲೇ ಇದ್ದರೂ ತಿರುಗುವುದು, ಹೀಗೆ. ತುದಿ ಐವತ್ತು ಮೀಟರ್ ದೂರ ಕಾಣುವಾಗ ಯಾರ ತಲೆಯೂ ಸರಿಯಾಗಿ ಲೆಕ್ಕ ಹಾಕುವುದಿಲ್ಲ. ಲೆಕ್ಕ ಕೆಳಗೇ ಮುಗಿದಿರಬೇಕು.

ರಾತ್ರಿ ಒಂದೆರಡು ಗಂಟೆಗೆ ಹೊರಡುತ್ತೀರಿ. ಮೊದಲ ಕೆಲವು ಗಂಟೆ ಬಂಡೆ, ಜಲ್ಲಿಯ ಏರು. ಹಿಮ ಶುರುವಾಗುವ ಜಾಗದಲ್ಲಿ ಕ್ರಾಂಪಾನ್ ಕಟ್ಟಿ, ಎಲ್ಲರನ್ನೂ ಒಂದೇ ಹಗ್ಗಕ್ಕೆ ಸೇರಿಸುತ್ತಾರೆ. ಆ ಹಗ್ಗ ನೆಲಕ್ಕೆ ಜೋತು ಬೀಳದಂತೆ ಅಂತರ ಕಾಯ್ದುಕೊಳ್ಳಿ. ಏಣಿ ಎಷ್ಟು, ಎಲ್ಲಿ ಅನ್ನುವುದು ವರ್ಷ ವರ್ಷಕ್ಕೂ ಬದಲಾಗುತ್ತದೆ. ಆಮೇಲೆ ಹಗ್ಗದ ಗೋಡೆ, ಅದರ ಮೇಲೆ ಕಿರಿದಾದ ಏಣು, ತುದಿ. ಗೋಡೆಯ ಕೆಳಗೆ ಸಾಲು ನಿಂತಿದ್ದರೆ ಡೌನ್ ಜಾಕೆಟ್ ಹಾಕಿಕೊಂಡು ಕಾಲ್ಬೆರಳು ಆಡಿಸುತ್ತಾ ಇರಿ. ಕಾಯುವಾಗಲೇ ಹೆಚ್ಚು ಜನ ತಣ್ಣಗಾಗುವುದು.

ತುದಿಯಿಂದ ಎವರೆಸ್ಟ್ ಕಾಣುವುದಿಲ್ಲ! 8,516 ಮೀಟರಿನ ಲೋತ್ಸೆ ಎದುರಿಗೆ ಗೋಡೆಯಾಗಿ ನಿಂತಿರುತ್ತದೆ. ಪೂರ್ವಕ್ಕೆ ಮಕಾಲು, ದಕ್ಷಿಣಕ್ಕೆ ಅಮಾ ದಬ್ಲಾಮ್. ಮನೆಯವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಫೋಟೋ ತೋರಿಸುವಾಗ ಅದೇ ಪ್ರಶ್ನೆ.

ಫೋಟೋ ಮುಗಿಸಿ ಬೇಗ ಇಳಿಯಿರಿ. ಮಧ್ಯಾಹ್ನ ಗಾಳಿ ಏಳುತ್ತದೆ, ಹಿಮ ಮೆತ್ತಗಾಗುತ್ತದೆ. ಇಳಿಯುವಾಗ ಪ್ರತಿ ಗೂಟದಲ್ಲೂ ಕೊಂಡಿ ಹಾಕಿದ ಮೇಲೆ ಗೈಡ್ ಒಮ್ಮೆ ನೋಡಲಿ, ಆಮೇಲೆ ಭಾರ ಬಿಡಿ.

ವಾಪಸ್

ಟಿಪ್ಸ್ ಅನ್ನು ಲುಕ್ಲಾದಲ್ಲಿ, ಗೈಡ್, ಅಡುಗೆಯವರು, ಪೋರ್ಟರ್ ಒಬ್ಬೊಬ್ಬರ ಕೈಗೂ ನೇರ ಕೊಡಿ. 1 ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ. ಅಗತ್ಯದಷ್ಟನ್ನು ಕಾಠ್ಮಂಡುವಿನಲ್ಲೇ ಬದಲಿಸಿಕೊಂಡಿದ್ದರೆ ಕಷ್ಟವಿಲ್ಲ. ಮೇಲೆ ಎಟಿಎಂ ನಂಬುವ ಹಾಗಿಲ್ಲ.

ಮೋಡ ಬಂದರೆ ಲುಕ್ಲಾದಿಂದ ವಿಮಾನ ಹಾರುವುದಿಲ್ಲ, ಒಂದೊಂದು ಸಲ ಎರಡು ಮೂರು ದಿನ. ಜನ ಹೆಚ್ಚಿರುವ ತಿಂಗಳುಗಳಲ್ಲಿ ಹಲವು ವಿಮಾನಗಳು ಕಾಠ್ಮಂಡುವಿನ ಬದಲು ರಾಮೇಛಾಪ್‌ಗೆ ಹೋಗುತ್ತವೆ. ಅಲ್ಲಿಂದ ಕಾಠ್ಮಂಡುವಿಗೆ ರಸ್ತೆಯಲ್ಲಿ ಇನ್ನೂ ನಾಲ್ಕೈದು ಗಂಟೆ. ಹಾಗಾಗಿ ಬೆಂಗಳೂರಿನ ಟಿಕೆಟ್ ಮಾಡಿಸುವಾಗ ಕಾಠ್ಮಂಡುವಿನಲ್ಲಿ ಎರಡು ದಿನ ಸುಮ್ನೆ ಬಿಟ್ಟಿರಿ, ದಿನಾಂಕ ಬದಲಿಸಲು ಬರುವ ಟಿಕೆಟನ್ನೇ ತಗೊಳ್ಳಿ. ಬಾಡಿಗೆ ಬೂಟನ್ನು ಒಣಗಿಸಿ ಅಂಗಡಿಗೆ ಕೊಟ್ಟು ಠೇವಣಿ ವಾಪಸ್ ತಗೊಳ್ಳುವುದು ಮರೆಯಬೇಡಿ. ಕಾಲ್ಬೆರಳು ಒಂದೆರಡು ವಾರ ಮರಗಟ್ಟಿದಂತೆ ಇರಬಹುದು. ಬಣ್ಣ ಕಪ್ಪಾಗಿದ್ದರೆ, ಗುಳ್ಳೆ ಎದ್ದಿದ್ದರೆ ಊರಿಗೆ ಬರುವ ತನಕ ಕಾಯದೆ ಕಾಠ್ಮಂಡುವಿನಲ್ಲೇ ವೈದ್ಯರಿಗೆ ತೋರಿಸಿ.